ಯೂಫೋನಿಯಂ: ಓಪನ್ ಸ ಸರಿ ಇದೆ, 1-3 ಒತ್ತಿದ ಕೂಡಲೇ ಶ್ರುತಿ ಏರುತ್ತದೆ. ಯಾವ ಸ್ಲೈಡ್ ಎಳೆಯಲಿ?

ಉಣಕಲ್_ಯೂಫೋ:

ಎಲ್ಲರಿಗೂ ನಮಸ್ಕಾರ್ರೀ. ಹುಬ್ಬಳ್ಳಿಯಲ್ಲಿ ಒಂದು ಮದುವೆ ಬ್ಯಾಂಡ್‌ನಲ್ಲಿ ಯೂಫೋನಿಯಂ (ಸಣ್ಣ ಟ್ಯೂಬಾದಂಥ ಹಿತ್ತಾಳೆ ವಾದ್ಯ) ಊದುತ್ತೇನೆ. ಮೀರತ್‌ನಲ್ಲಿ ಮಾಡಿದ ಮೂರು ಪಿಸ್ಟನ್ ವಾದ್ಯ, ಸೆಕೆಂಡ್ ಹ್ಯಾಂಡ್. ಆವಾಜ್ ದಪ್ಪಗೆ ಚಲೋ ಇದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಶ್ರುತಿಯದ್ದು.

ನಾವು ಓಪನ್ ನೋಟನ್ನೇ, ಅಂದರೆ ಯಾವ ಪಿಸ್ಟನ್ನೂ ಒತ್ತದೆ ಬರುವುದನ್ನೇ, ಸ ಅಂತ ಹಿಡಿಯುತ್ತೇವೆ. ಅದು ಬಿ ಫ್ಲ್ಯಾಟ್, ಪೇಟಿ (ಹಾರ್ಮೋನಿಯಂ) ಲೆಕ್ಕದಲ್ಲಿ ಕಾಳಿ ಐದು, ಐದನೇ ಕಪ್ಪು ಮನೆ. ಮೊಬೈಲ್‌ನಲ್ಲಿ ಟ್ಯೂನರ್ ಇಟ್ಟು ಮೇನ್ ಸ್ಲೈಡ್ (ಎಳೆದು ಕೊಳವೆ ಉದ್ದ ಮಾಡುವ ಭಾಗ) ಸರಿ ಮಾಡಿಕೊಂಡರೆ ಸ ಹಸಿರು ತೋರಿಸುತ್ತದೆ, ಮಧ್ಯದ ಪ ಕೂಡ ಹಸಿರು. ಆದರೆ 1-3 (ಒಂದನೇ, ಮೂರನೇ ಪಿಸ್ಟನ್ ಒಟ್ಟಿಗೆ) ಒತ್ತುವ ರಿ ಯಾವಾಗಲೂ ಏರಿಯೇ ಇರುತ್ತದೆ. 1-2-3 ಒತ್ತುವ ಕೋಮಲ ರಿ ಅಂತೂ ಕೇಳಲೇಬೇಡಿ, ಅದು ಕೋಮಲವೋ ಶುದ್ಧವೋ ಅಂತ ಟ್ಯೂನರ್‌ಗೇ ಗೊತ್ತಾಗದೆ ಮುಳ್ಳು ಎರಡರ ನಡುವೆ ಒದ್ದಾಡುತ್ತದೆ. ಮೂರನೇ ಪಿಸ್ಟನ್‌ನ ಸ್ಲೈಡ್ ಉದ್ದಕ್ಕೆ ಎಳೆದು ನೋಡಿದೆ. ರಿ ಸರಿಹೋಯಿತು, ಆದರೆ 2-3ರ ಕೋಮಲ ಗ ಕೆಳಗೆ ಬಿತ್ತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಯಲು.

ಮೇಲಿನ ಸಪ್ತಕದ್ದೂ ಹೇಳಿಬಿಡುತ್ತೇನೆ. ತಾರ ಗ ಓಪನ್‌ನಲ್ಲಿ ಸ್ವಲ್ಪ ಇಳಿದಿರುತ್ತದೆ, ತಾರ ಪ ಏರಿರುತ್ತದೆ. ಗಾಡಿಯ ಮೇಲೆ ಕೀಬೋರ್ಡ್ ಬಾರಿಸುವ ಹುಡುಗ ಮೆರವಣಿಗೆಯ ನಡುವೆಯೇ ತಿರುಗಿ ನನ್ನ ಮುಖ ನೋಡುತ್ತಾನೆ. ರಿಪೇರಿಯವರೊಬ್ಬರು ಮೂರೂ ಪಿಸ್ಟನ್ ಬದಲಿಸಬೇಕು ಅಂದರು. ಅಷ್ಟು ರೊಕ್ಕ ಸುರಿಯುವ ಮುಂಚೆ ತಿಳಿದವರನ್ನು ಕೇಳೋಣ ಅಂತ ಇಲ್ಲಿ ಹಾಕಿದೆ. ಪಿಸ್ಟನ್ ವಾಲ್ವ್ ಹೋಗಿದೆಯಾ, ವಾದ್ಯವೇ ಹಾಗಾ, ಅಥವಾ ನನ್ನ ತುಟಿಯದ್ದಾ?

ಹಾವೇರಿ_ಕ್ಲಾರಿನೆಟ್:

ಮುಖ ನೋಡುವುದು ಬಿಡಿ. ಗಂಗೂಬಾಯಿ ಹಾನಗಲ್ ಹಾಡಿದ ಊರು ಅದು, ಬೇಸುರ ಊದಿದರೆ ಚಹಾದಂಗಡಿಯವನೂ ತಿರುಗಿ ನೋಡುತ್ತಾನೆ 😄 ಉತ್ತರ ನನಗೂ ಬೇಕು. ನಮ್ಮ ಯೂಫೋನಿಯಂನವರದ್ದೂ ಇದೇ ಕಥೆ, ಕ್ಲಾರಿನೆಟ್ ಜೊತೆ ರಿ ಕೂಡುವುದೇ ಇಲ್ಲ.

ಮಾಜಿ_ಬ್ಯಾಂಡ್‌ಮನ್_ಧಾರವಾಡ:

ಪಿಸ್ಟನ್ ಬದಲಿಸಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ವಾದ್ಯ ಕೆಟ್ಟಿಲ್ಲ. ಸಾಧಾರಣ ಮೂರು ವಾಲ್ವಿನ ಯಾವ ವಾದ್ಯವೂ ಹೀಗೇ, ಲಕ್ಷಗಟ್ಟಲೆ ಕೊಟ್ಟು ತಂದರೂ ಲೆಕ್ಕ ಬದಲಾಗುವುದಿಲ್ಲ.

ಲೆಕ್ಕ ಕೇಳಿ. ಬಿ ಫ್ಲ್ಯಾಟ್ ಯೂಫೋನಿಯಂನ ಕೊಳವೆ ಬಿಚ್ಚಿ ನೇರ ಮಾಡಿದರೆ ಸುಮಾರು ಒಂಬತ್ತು ಅಡಿ, 275 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಶ್ರುತಿ ಅರ್ಧ ಸ್ವರ ಇಳಿಯಬೇಕಾದರೆ ಕೊಳವೆ ಸುಮಾರು ನೂರಕ್ಕೆ ಆರು ಪಾಲು ಉದ್ದ ಆಗಬೇಕು. ಎರಡನೇ ವಾಲ್ವ್ ಮಾಡುವುದು ಅದನ್ನೇ, 16 ಸೆಂ.ಮೀ. ಸೇರಿಸುತ್ತದೆ. ಒಂದನೇದು ಒಂದು ಸ್ವರ ಇಳಿಸುತ್ತದೆ, ಹತ್ತಿರ ಹತ್ತಿರ 34. ಮೂರನೇದು ಒಂದೂವರೆ ಸ್ವರ, 52. ಒಂದೊಂದನ್ನೇ ಒತ್ತಿದರೆ ಎಲ್ಲ ಸರಿ. ಆದರೆ 1 ಒತ್ತಿದ ಮೇಲೆ ನಿಮ್ಮ ಕೊಳವೆ 275 ಉಳಿಯಲಿಲ್ಲ, 309 ಆಯಿತು ಅಲ್ವಾ? ಈಗ ಅದರ ಮೇಲೆ ಒಂದೂವರೆ ಸ್ವರ ಇಳಿಸಲು 52 ಸಾಲದು, 58 ಬೇಕು. ಮೂರನೇ ಸ್ಲೈಡ್‌ಗೆ ನೀವು ಜೊತೆಗೆ ಇನ್ನೇನು ಒತ್ತಿದ್ದೀರಿ ಅಂತ ಗೊತ್ತಿಲ್ಲ, ಅದು ತನ್ನ 52 ಕೊಟ್ಟು ಸುಮ್ಮನಾಗುತ್ತದೆ. ಆರು ಸೆಂ.ಮೀ. ಕಡಿಮೆ ಬಿತ್ತು, ಶ್ರುತಿ ಏರಿತು.

ಪೇಟಿಯ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ ಅಂತ ಹಿಡಿದರೆ, 1-2 ಒತ್ತಿದಾಗ ಸುಮಾರು 10 ಸೆಂಟ್ ಏರು, 2-3ಕ್ಕೆ 15, 1-3ಕ್ಕೆ 30, 1-2-3ಕ್ಕೆ 50 ದಾಟುತ್ತದೆ. ಐವತ್ತು ಅಂದರೆ ಎರಡು ಮನೆಗಳ ನಟ್ಟನಡುವೆ. ನಿಮ್ಮ ಟ್ಯೂನರ್ ಒದ್ದಾಡಿದ್ದು ಅದಕ್ಕೇ, ಪಾಪ ಅದರದ್ದೇನೂ ತಪ್ಪಿಲ್ಲ.

ಇನ್ನು ಸ್ಲೈಡ್. ಸ್ಲೈಡ್‌ಗೆ ಎರಡು ಕಾಲು, ಹಾಗಾಗಿ ಒಂದು ಸೆಂ.ಮೀ. ಎಳೆದರೆ ಗಾಳಿಯ ದಾರಿ ಎರಡು ಸೆಂ.ಮೀ. ಉದ್ದವಾಗುತ್ತದೆ. 1-3 ಪೂರ್ತಿ ಸರಿಯಾಗಲು ಮೂರನೇ ಸ್ಲೈಡ್ 3 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಎಳೆಯಬೇಕು, ನೀವು ಎಳೆದಿದ್ದು ಅಷ್ಟೇ ಇರಬೇಕು, ಅದಕ್ಕೇ ಕೋಮಲ ಗ ಬಿತ್ತು. ಅಷ್ಟು ಬೇಡ. ಒಂದೂವರೆ ಸೆಂ.ಮೀ. ಎಳೆದು ನಿಲ್ಲಿಸಿ. ಆಗ 2-3 ಸರಿಯಾಗಿ ಕೂಡುತ್ತದೆ. ಮೂರನೇದನ್ನು ಒಂಟಿಯಾಗಿ ಒತ್ತಿದರೆ ಇಳಿಯುತ್ತದೆ, ಹಾಗಾಗಿ ಒಂಟಿಯಾಗಿ ಒತ್ತಲೇಬೇಡಿ, ಆ ನೋಟಿಗೆ 1-2 ಇದೆಯಲ್ಲ. ಒಂದನೇ ಸ್ಲೈಡ್ ಅರ್ಧ ಸೆಂ.ಮೀ. ಎಳೆಯಿರಿ. 1 ಒಂದೇ ಒತ್ತಿದಾಗ ಐದಾರು ಸೆಂಟ್ ಇಳಿಯುತ್ತದೆ, 1-2 ಐದು ಸೆಂಟ್ ಏರಿರುತ್ತದೆ, ಎರಡನ್ನೂ ತುಟಿ ನೋಡಿಕೊಳ್ಳುತ್ತದೆ. 1-3 ಹತ್ತು ಹನ್ನೆರಡಕ್ಕೆ ಬರುತ್ತದೆ. 1-2-3 ಮಾತ್ರ ಆಮೇಲೂ 35ರ ಹತ್ತಿರ ಏರಿಯೇ ಇರುತ್ತದೆ, ಅದನ್ನು ಸ್ಲೈಡ್ ಇಟ್ಟು ಗೆಲ್ಲುವುದು ಆಗದ ಮಾತು. ಎರಡನೇ ಸ್ಲೈಡ್ ಮುಟ್ಟಬೇಡಿ.

ಟ್ರಂಪೆಟ್‌ನವರು ಮೂರನೇ ಸ್ಲೈಡ್‌ನ ಉಂಗುರಕ್ಕೆ ಬೆರಳು ಸಿಕ್ಕಿಸಿ ಊದುತ್ತಲೇ ದೂಡುತ್ತಾರೆ. ಯೂಫೋನಿಯಂ ತಬ್ಬಿಕೊಂಡು ನಡೆಯುವವನಿಗೆ ಆ ಭಾಗ್ಯ ಇಲ್ಲ.

ಗೋಕುಲ_ರೋಡ್_ಪಿತ್ತಳೆ:

ಬ್ಯಾಂಡ್‌ಮನ್ ಸರ್ ಲೆಕ್ಕ ಸರಿ ಇದೆ. ಆದರೆ ಸೆಕೆಂಡ್ ಹ್ಯಾಂಡ್ ಅಂದರಲ್ಲ, ಸ್ಲೈಡ್ ಅಳತೆ ಮಾಡುವ ಮುಂಚೆ ವಾಲ್ವ್ ಒಮ್ಮೆ ನೋಡಿ. ಹತ್ತು ನಿಮಿಷದ ಕೆಲಸ.

ಎರಡನೇ ಸ್ಲೈಡ್ ಪೂರ್ತಿ ಹೊರಗೆ ತೆಗೆಯಿರಿ. ಆ ತೂತಿನಲ್ಲಿ ಟಾರ್ಚ್ ಬಿಡಿ, ದಂತ ವೈದ್ಯರ ಸಣ್ಣ ಕನ್ನಡಿ ಸಿಕ್ಕರೆ ಇನ್ನೂ ಚಲೋ. ಈಗ ಎರಡನೇ ವಾಲ್ವ್ ಒತ್ತಿ ಹಿಡಿದುಕೊಳ್ಳಿ. ಪಿಸ್ಟನ್‌ನ ತೂತು ಮತ್ತು ಹೊರಗಿನ ಕೇಸಿನ ತೂತು ಒಂದರ ಮೇಲೊಂದು ಪೂರ್ತಿ ಕೂಡಬೇಕು. ಕೆಳಗಡೆಯೋ ಮೇಲುಗಡೆಯೋ ಅರ್ಧಚಂದ್ರದ ಹಾಗೆ ಪಿಸ್ಟನ್‌ನ ಅಂಚು ಕಂಡರೆ ಅದು ಸರಿಯಾದ ಎತ್ತರದಲ್ಲಿ ನಿಂತಿಲ್ಲ ಅಂತ ಅರ್ಥ. ಮೇಲಿನ ಮುಚ್ಚಳ ಮತ್ತು ಗುಂಡಿಯ ಕೆಳಗೆ ಫೆಲ್ಟ್ (ಉಣ್ಣೆಯ ಮೆತ್ತನೆ ಬಿಲ್ಲೆ) ಇರುತ್ತದೆ, ಕೆಲವದರಲ್ಲಿ ಕಾರ್ಕ್. ಬಡಿದು ಬಡಿದು ಅದು ಅಪ್ಪಚ್ಚಿ ಆದರೆ ಒತ್ತಿದಾಗ ಪಿಸ್ಟನ್ ಕೆಳಗೆ ಜಾಸ್ತಿ ಹೋಗುತ್ತದೆ, ಬಿಟ್ಟಾಗ ಮೇಲೆ ಜಾಸ್ತಿ ಬರುತ್ತದೆ. ಗಾಳಿಯ ದಾರಿ ಅಲ್ಲೇ ಕಿರಿದಾಗಿ ಆವಾಜ್ ಕಟ್ಟಿದಂತಾಗುತ್ತದೆ, ಶ್ರುತಿಯೂ ಎತ್ತೆತ್ತಲೋ ಎಳೆಯುತ್ತದೆ. ಫೆಲ್ಟ್ ಬದಲಿಸಲು ಚಿಲ್ಲರೆ ಖರ್ಚು. ಪಿಸ್ಟನ್ ಬದಲಿಸಿ ಅನ್ನುವವರಿಗೆ ಮೊದಲು ಇದನ್ನು ತೋರಿಸಿ.

ಗಾಳಿ ಸೋರುತ್ತದಾ ಅಂತಲೂ ನೋಡಿ. ಸ್ಲೈಡ್ ಒಳಗೆ ಹಾಕಿ, ವಾಲ್ವ್ ಒತ್ತದೆ ಸ್ಲೈಡ್ ಸ್ವಲ್ಪ ಹೊರಗೆ ಎಳೆಯಿರಿ, ನಾಲ್ಕೈದು ಸೆಕೆಂಡ್ ಬಿಟ್ಟು ವಾಲ್ವ್ ಒತ್ತಿ. ಟಪ್ ಅಂತ ಶಬ್ದ ಬಂದರೆ ಪಿಸ್ಟನ್ ಗಟ್ಟಿಮುಟ್ಟು. ಏನೂ ಬರದಿದ್ದರೆ ಸವೆದಿದೆ, ಆಗ ರಿಪೇರಿಯವರ ಮಾತಿಗೆ ಸ್ವಲ್ಪ ಅರ್ಥ ಇದೆ. ಮೂರಕ್ಕೂ ಮಾಡಿ. ಮತ್ತೆ ಪಿಸ್ಟನ್ ಮೇಲೆ 1, 2, 3 ಅಂತ ಕೊರೆದಿರುತ್ತದೆ, ಯಾರೋ ತೊಳೆದು ಅದಲುಬದಲು ಹಾಕಿದ್ದೂ ಉಂಟು.

ಉಣಕಲ್_ಯೂಫೋ:

ಮೂರಕ್ಕೂ ಟಪ್ ಅಂತ ಬಂತು ಸರ್!! ಪಿಸ್ಟನ್ ಉಳಿಯಿತು. ಆದರೆ ಎರಡನೇದರಲ್ಲಿ ನೀವು ಹೇಳಿದ ಅರ್ಧಚಂದ್ರ ಕಂಡಿತು, ಫೆಲ್ಟ್ ಕಾಗದದಷ್ಟು ತೆಳ್ಳಗಾಗಿದೆ. ಬದಲಿಸುತ್ತೇನೆ.

ಸ್ಲೈಡ್ ಬ್ಯಾಂಡ್‌ಮನ್ ಸರ್ ಹೇಳಿದಷ್ಟೇ ಎಳೆದೆ, ಸ್ಕೇಲ್ ಇಟ್ಟು ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡೆ. ರಿ ಈಗ ತುಟಿಗೆ ಸಿಗುತ್ತದೆ. ಕೋಮಲ ರಿ ಸಿಗುತ್ತಿಲ್ಲ. ನಮಗೆ ಅದೇ ಬೇಕು, ಮುಂಜಾನೆ ದೇವರ ಹಾಡು ಭೈರವ್ ಛಾಯೆಯಲ್ಲಿ ಇರುತ್ತದೆ, ಹೆಣ್ಣು ಒಪ್ಪಿಸುವ ಹೊತ್ತಿಗೆ ಭೈರವಿ. ಎರಡರಲ್ಲೂ ಕೋಮಲ ರಿ ಬಿಟ್ಟರೆ ಉಳಿಯುವುದೇನು?

ಬೆಟಗೇರಿ_ಪೇಟಿ:

ನಾನು ಹಿತ್ತಾಳೆ ಊದುವವನಲ್ಲ, ಗದಗಿನಲ್ಲಿ ಪೇಟಿ ಸಾಥ್ ಮಾಡುವವನು. ಬ್ಯಾಂಡ್‌ಮನ್ ಸರ್ ಕೊಟ್ಟ ಅಂಕಿ ಓದಿ ಸುಮ್ನೆ ಕೂರಲು ಆಗಲಿಲ್ಲ. ಭೈರವ್‌ನಲ್ಲಿ ರಿ, ಧ ಎರಡೂ ಆಂದೋಲನದಲ್ಲಿ ಕೆಳಗೆ ತೂಗಬೇಕು, ಪೇಟಿಯ ಕೋಮಲ ರಿ ಕೂಡ ಅದಕ್ಕೆ ಒಂದು ಕೂದಲು ಮೇಲೆಯೇ. ನಿಮ್ಮ ವಾದ್ಯ ಅದೇ ರಿಯನ್ನು ಅರ್ಧ ಮನೆ ಮೇಲಕ್ಕೆ ಕೊಡುತ್ತಿದೆ. ರಾಗ ಯಾವ ಸ್ವರವನ್ನು ಅತಿ ಕೆಳಗೆ ಕೇಳುತ್ತದೋ ಅದೇ ಸ್ವರಕ್ಕೆ ವಾದ್ಯ ಅತಿ ಮೇಲೆ ಹೋಗುತ್ತದೆ. ಇದಕ್ಕೆ ತುಟಿ ಏನು ಮಾಡೀತು?

ನನ್ನ ಪ್ರಶ್ನೆ ಒಂದೇ. ಸ ಅನ್ನು ಓಪನ್ ಮೇಲೆಯೇ ಇಡಬೇಕು ಅಂತ ಯಾರು ಹೇಳಿದರು? ಹಾಡುಗಾರರು ಪಟ್ಟಿ, ಅಂದರೆ ಸ ಇಡುವ ಶ್ರುತಿ, ಬದಲಿಸುತ್ತಾರೆ, ಪೇಟಿಯವರು ಮನೆ ಬದಲಿಸುತ್ತೇವೆ. ನೀವೂ ಬದಲಿಸಿ. 1 ಒತ್ತುವ ಮ ಇದೆಯಲ್ಲ, ಅದನ್ನೇ ಸ ಮಾಡಿಕೊಳ್ಳಿ. ಆಗ ಪಟ್ಟಿ ಕಾಳಿ ಎರಡು ಆಗುತ್ತದೆ. ನಿಮ್ಮ ಬೆರಳಿನ ಚಾರ್ಟ್ ಇಟ್ಟುಕೊಂಡು ನೋಡಿದೆ: ಕೋಮಲ ರಿ ಬರೀ 2, ಶುದ್ಧ ರಿ ಓಪನ್, ಕೋಮಲ ಗ 2-3, ಶುದ್ಧ ಗ 1-2, ಮ ಬರೀ 1, ಪ ಓಪನ್. ಕೆಟ್ಟ ಬೆರಳು ಒಂದೂ ಇಲ್ಲ. 1-3 ಮತ್ತು 1-2-3 ಹೋಗಿ ಮಂದ್ರದ ಧ, ಕೋಮಲ ಧ ಮೇಲೆ ಕೂರುತ್ತವೆ. ಮದುವೆ ಹಾಡು ಅಲ್ಲಿಗೆ ಇಳಿಯುವುದು ಅಪರೂಪ.

ಮಾಜಿ_ಬ್ಯಾಂಡ್‌ಮನ್_ಧಾರವಾಡ:

ಪೇಟಿಯವರೇ, ಭಾಳ ಚಲೋ ಹೇಳಿದಿರಿ. ಇದಕ್ಕೆ ಒಂದು ಸೇರಿಸುತ್ತೇನೆ. ಕಾಳಿ ಎರಡರಲ್ಲಿ ಮಧ್ಯದ ಕೋಮಲ ಧ 1-2ರಲ್ಲಿ ಬರುತ್ತದೆ, ಐದನೇ ಹಾರ್ಮೋನಿಕ್ (ಅದೇ ಬೆರಳಿನಲ್ಲಿ ತುಟಿ ಬಿಗಿ ಮಾಡಿದಂತೆಲ್ಲ ಒಂದರ ಮೇಲೊಂದು ಬರುವ ಸ್ವರಗಳಲ್ಲಿ ಐದನೇದು). ಐದನೇ ಹಾರ್ಮೋನಿಕ್ ಪ್ರಕೃತಿಯಿಂದಲೇ ಕೀಬೋರ್ಡ್‌ಗಿಂತ 14 ಸೆಂಟ್ ಕೆಳಗೆ. ಸ್ಲೈಡ್ ಎಳೆದ ಮೇಲೂ 1-2 ಐದು ಸೆಂಟ್ ಏರಿರುತ್ತದೆ ಅಂದೆನಲ್ಲ, ಒಂದರ ತಪ್ಪು ಇನ್ನೊಂದರಲ್ಲಿ ಕರಗಿ ಕೋಮಲ ಧ ಸರಿಸುಮಾರು ತನ್ನ ಜಾಗದಲ್ಲೇ ಕೂರುತ್ತದೆ, ಚೂರು ಕೆಳಗೇ ಇರುತ್ತದೆ. ಭೈರವ್‌ಗೆ ಇನ್ನೇನು ಬೇಕು?

ತಾರ ಗ ಇಳಿದಿದೆ ಅಂದಿರಲ್ಲ, ಅದೂ ಇದೇ ಐದನೇ ಹಾರ್ಮೋನಿಕ್. ವಾಲ್ವ್‌ಗೂ ಅದಕ್ಕೂ ಸಂಬಂಧ ಇಲ್ಲ.

ಬೆಟಗೇರಿ_ಪೇಟಿ:

ಹೌದು ಮತ್ತೆ! ತಂಬೂರಿಯ ಖರ್ಜದ (ಮಂದ್ರ ಸ) ತಂತಿಯಲ್ಲಿ ತಾನಾಗಿ ಕೇಳಿಸುವ ಸ್ವಯಂಭೂ ಗಾಂಧಾರ ಅದೇ. ಅದನ್ನು ಇಳಿದಿದೆ ಅನ್ನಬಾರದು, ಕೀಬೋರ್ಡ್‌ನದ್ದೇ ಏರಿದೆ ಅನ್ನಬೇಕು. ತಂಬೂರಿ ಆ್ಯಪ್ ಹಚ್ಚಿಕೊಂಡು ಊದುವಾಗ ಆ ಗ ಮುಟ್ಟಲೇಬೇಡಿ, ಕೂಡಿದಾಗ ಎದೆಯಲ್ಲಿ ಗೊತ್ತಾಗುತ್ತದೆ. ಕೀಬೋರ್ಡ್ ಹುಡುಗನ ಜೊತೆ ಇದ್ದಾಗ ಮಾತ್ರ ತುಟಿ ಸ್ವಲ್ಪ ಬಿಗಿ ಮಾಡಿ. ನಾನು ಪೇಟಿಯವನಾಗಿಯೇ ಹೇಳುತ್ತೇನೆ, ಹಸಿರು ದೀಪ ನೋಡಿ ಶ್ರುತಿ ಕಲಿಯಬೇಡಿ.

ಸಪ್ತಾಪುರ_ಟ್ರಂಪೆಟ್:

ಕಾಳಿ ಎರಡು ಸರಿ, ಆದರೆ ತಾರ ಸ ಏನಾಗುತ್ತದೆ ನೋಡಿದಿರಾ? ಅದು 1ರಲ್ಲಿ ಆರನೇ ಹಾರ್ಮೋನಿಕ್. ಥಿಯರಿ ಪ್ರಕಾರ ಆರನೇದು ಬರೀ 2 ಸೆಂಟ್ ಮೇಲೆ, ಆದರೆ ಯೂಫೋನಿಯಂನಲ್ಲಿ ಅದು ಅದಕ್ಕಿಂತ ಭಾಳ ಏರುವುದು ಹಳೆಯ ಕಾಯಿಲೆ, ದುಬಾರಿ ಮಾಡೆಲ್‌ಗಳಲ್ಲೂ ಇದೆ. ಅದಕ್ಕೆಂದೇ ಮೇಲ್ದರ್ಜೆಯ ಕೆಲವು ವಾದ್ಯಗಳಿಗೆ ಮೇನ್ ಸ್ಲೈಡ್ ದೂಡಲು ಎಡಗೈಗೆ ಟ್ರಿಗರ್ ಇಟ್ಟಿರುತ್ತಾರೆ. ಪ್ರಶ್ನೆ ಕೇಳಿದವರ ತಾರ ಪ ಏರಿರುವುದು ಇದೇ ಕಾರಣಕ್ಕೆ. ಸ ಏರಿದರೆ ಪ ಏರಿದ್ದಕ್ಕಿಂತ ಕಷ್ಟ ಅಲ್ವಾ?

ಒಂದು ಉಪಾಯ: ಅದೇ ನೋಟನ್ನು 1-3 ಒತ್ತಿ ಏಳನೇ ಹಾರ್ಮೋನಿಕ್‌ನಲ್ಲಿ ಊದಿ. ಏಳನೇದು 31 ಸೆಂಟ್ ಕೆಳಗೆ, 1-3 ಮೂವತ್ತು ಮೇಲೆ. ಕೂಡಿ ಸೊನ್ನೆ.

ಮಾಜಿ_ಬ್ಯಾಂಡ್‌ಮನ್_ಧಾರವಾಡ:

ಸೊನ್ನೆ ಆಗುವುದು ಸ್ಲೈಡ್ ಒಳಗೆ ಇದ್ದರೆ ತಮ್ಮಾ. ಇವರು ಈಗ ಒಂದನೇದು, ಮೂರನೇದು ಎರಡನ್ನೂ ಎಳೆದಿದ್ದಾರೆ. 1-3 ಈಗ ಹತ್ತು ಹನ್ನೆರಡು ಮಾತ್ರ ಏರು, ಹಾಗಾಗಿ ಏಳನೇ ಹಾರ್ಮೋನಿಕ್‌ನಲ್ಲಿ ಇಪ್ಪತ್ತು ಕೆಳಗೆ ಬೀಳುತ್ತದೆ. ಏರಿದ ಸಕ್ಕಿಂತ ಇಳಿದ ಸ ಇನ್ನೂ ಸಪ್ಪೆ. 1ರಲ್ಲೇ ಊದಿ, ದವಡೆ ಸ್ವಲ್ಪ ಕೆಳಗೆ ಬಿಡಿ, ಬಾಯೊಳಗೆ ಈ ಅನ್ನುವ ಜಾಗ ಬಿಟ್ಟು ಓ ಅನ್ನುವ ಜಾಗ ಮಾಡಿಕೊಳ್ಳಿ. ಏರಿದ ನೋಟನ್ನು ತುಟಿಯಿಂದ ಇಳಿಸುವುದು ಸುಲಭ, ಇಳಿದದ್ದನ್ನು ಏರಿಸುವುದು ಕಷ್ಟ. ಒಂದನೇ ಸ್ಲೈಡ್ ಅರ್ಧ ಸೆಂ.ಮೀ. ಎಳೆದದ್ದೂ ಇಲ್ಲಿ ಐದಾರು ಸೆಂಟ್ ಇಳಿಸಿ ನಿಮ್ಮ ಕಡೆಗೇ ಕೆಲಸ ಮಾಡುತ್ತದೆ.

ಸಪ್ತಾಪುರ_ಟ್ರಂಪೆಟ್:

ಒಪ್ಪಿದೆ ಸರ್. ಆದರೂ ವಾದ್ಯ ವಾದ್ಯಕ್ಕೆ ಬೇರೆ, ಎರಡೂ ಊದಿ ನೋಡಲಿ.

ಹಾವೇರಿ_ಕ್ಲಾರಿನೆಟ್:

ನಡುವೆ ಒಂದು ಮಾತು. ಟ್ಯೂನ್ ಮಾಡುವ ಹೊತ್ತೂ ಮುಖ್ಯ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿ ಆದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಡಿಸೆಂಬರ್ ಮುಂಜಾನೆ ತಣ್ಣಗಿನ ವಾದ್ಯಕ್ಕೆ ಶ್ರುತಿ ಮಾಡಿಟ್ಟರೆ ಹತ್ತು ನಿಮಿಷ ಊದಿದ ಮೇಲೆ ಅದು ಉಳಿಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತು ಮಾಡಿದ್ದು ಸಂಜೆ ಎಸಿ ಹಾಲ್‌ಗೆ ಹೋದರೆ ಕೆಳಗೆ. ಕೀಬೋರ್ಡ್‌ಗೆ ಬಿಸಿಲು ತಂಪು ಯಾವುದೂ ತಾಗುವುದಿಲ್ಲ, ಹಾಗಾಗಿ ಬೈಗುಳ ನಮಗೆ. ಮೊದಲು ಸುಮ್ನೆ ಬೆಚ್ಚಗಿನ ಉಸಿರು ಬಿಟ್ಟು ವಾದ್ಯ ಕಾಯಿಸಿ, ನೀರು ಚೆಲ್ಲಿ, ಆಮೇಲೆ ಮೇನ್ ಸ್ಲೈಡ್.

ಮತ್ತೆ ನಾಲ್ಕು ಪಿಸ್ಟನ್ನಿನದು ತಂದರೆ ಈ ತಲೆನೋವೆಲ್ಲ ಹೋಗುತ್ತದಾ? ನಮ್ಮವರು ಕೇಳುತ್ತಿದ್ದಾರೆ.

ಮಾಜಿ_ಬ್ಯಾಂಡ್‌ಮನ್_ಧಾರವಾಡ:

ಪೂರ್ತಿ ಹೋಗುವುದಿಲ್ಲ, ಅರ್ಧ ಹೋಗುತ್ತದೆ. ನಾಲ್ಕನೇದು ಒಂದೇ 1-3ರ ಕೆಲಸ ಮಾಡುತ್ತದೆ, ಅದರ ಸ್ಲೈಡ್ ಸರಿ ಇಟ್ಟರೆ ರಿ ಪಕ್ಕಾ. 1-2-3ರ ಬದಲು 2-4, ಅಲ್ಲಿ ಏರು ಐವತ್ತರಿಂದ ಇಪ್ಪತ್ತೈದಕ್ಕೆ ಇಳಿಯುತ್ತದೆ.

ವಾಲ್ವ್ ಒಟ್ಟಿಗೆ ಒತ್ತಿದಾಗಿನ ಏರು ಹೆಚ್ಚುಕಡಿಮೆ ಪೂರ್ತಿ ಹೋಗಬೇಕಾದರೆ ಕಾಂಪೆನ್ಸೇಟಿಂಗ್ ಅನ್ನುವ ಜಾತಿ ಬೇಕು. ಲಂಡನ್‌ನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಬ್ಲೇಕ್ಲಿ 1874ರಲ್ಲಿ ಮಾಡಿದ್ದು. ಕಿವಿಯ ಆಟವಲ್ಲ, ಕೊಳಾಯಿಯವರ ಬುದ್ಧಿ: ನಾಲ್ಕನೇ ವಾಲ್ವ್ ಒತ್ತಿದಾಗ ಗಾಳಿ ಉಳಿದ ಮೂರು ವಾಲ್ವ್‌ಗಳ ಒಳಗೆ ಇನ್ನೊಂದು ಸಲ ಹಾದು ಬರುತ್ತದೆ, ಆ ಎರಡನೇ ಸುತ್ತಿನಲ್ಲಿ ಯಾವ ವಾಲ್ವ್ ಒತ್ತಿದ್ದೀರೋ ಅದರ ಹಿಂದಿನ ಪುಟ್ಟ ಕೊಳವೆ ಸೇರಿಕೊಂಡು ಕಡಿಮೆ ಬಿದ್ದ ಉದ್ದ ತುಂಬುತ್ತದೆ. ಮೂರು ವಾಲ್ವ್‌ನಲ್ಲೂ ಈ ಪದ್ಧತಿ ಇದೆ, ಅದರಲ್ಲಿ ಮೂರನೇದು ಒತ್ತಿದಾಗ ಕೆಲಸ ಮಾಡುತ್ತದೆ. ವಾದ್ಯ ತಿರುಗಿಸಿ ನೋಡಿ, ಒಂದು ಎರಡನೇ ವಾಲ್ವ್‌ಗಳ ಹಿಂಬದಿ ಹೆಚ್ಚುವರಿ ಪುಟ್ಟ ಕೊಳವೆ ಇದ್ದರೆ ಅದು ಇದೇ. ಬೆಲೆ ಮತ್ತು ತೂಕ ಎರಡೂ ಜಾಸ್ತಿ. ಮೆರವಣಿಗೆಯಲ್ಲಿ ಹೊತ್ತು ನಡೆಯುವವನ ಹೆಗಲನ್ನು ಕೇಳಿ ತನ್ನಿ.

ಹಳೇ ಇಂಗ್ಲಿಷ್ ವಾದ್ಯ ಅಗ್ಗಕ್ಕೆ ಸಿಕ್ಕಿತು ಅಂತ ಮಾತ್ರ ಓಡಬೇಡಿ. ಅಲ್ಲಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೆ ಎ ಸ್ವರ 452.5 ಹರ್ಟ್ಸ್ ಇರುವ ಎತ್ತರದ ಶ್ರುತಿಯಲ್ಲಿ ಊದುತ್ತಿದ್ದವು, ಈಗಿನ 440ಕ್ಕಿಂತ ಅರ್ಧ ಮನೆ ಮೇಲೆ. ಮೇನ್ ಸ್ಲೈಡ್ ತುದಿಗೆ ಎಳೆದರೂ ಅಂಥ ಕೆಲವು ವಾದ್ಯಗಳು ಕೀಬೋರ್ಡ್‌ಗೆ ಕೂಡುವುದಿಲ್ಲ.

ಉಣಕಲ್_ಯೂಫೋ:

ನಿನ್ನೆ ಕೇಶ್ವಾಪುರದಲ್ಲಿ ಒಂದು ಕಾರ್ಯಕ್ರಮ ಇತ್ತು. ಕಾಳಿ ಎರಡು ಅಂದಾಗ ಮಾಸ್ತರ್ ಮೊದಲು ಒಪ್ಪಲಿಲ್ಲ, ಟ್ರಂಪೆಟ್‌ನವರಿಗೆ ಬೆರಳು ಹೊಸದು ಅಂದರು. ಕೀಬೋರ್ಡ್ ಹುಡುಗ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಮುಗಿಸಿದ, ಅವನಿಗೇನು! ಕಡೆಗೆ ಭೈರವಿ ಒಂದನ್ನು ಮಾತ್ರ ಆ ಪಟ್ಟಿಯಲ್ಲಿ ಮಾಡಿದೆವು, ಉಳಿದದ್ದು ಕಾಳಿ ಐದರಲ್ಲೇ. ಕೋಮಲ ರಿ 2ರಲ್ಲಿ ಎಷ್ಟು ತಣ್ಣಗೆ ಕೂತಿತು ಅಂದರೆ ನಾನೇ ಅದನ್ನು ಬೇಕಂತ ಜಾಸ್ತಿ ಹೊತ್ತು ಹಿಡಿದೆ. ತಾರ ಸ ಇನ್ನೂ ಏರುತ್ತದೆ, ಓ ಅನ್ನುವ ಜಾಗ ನಿಂತು ಊದಿದಾಗ ಸಿಗುತ್ತದೆ, ನಡೆಯುವಾಗ ತಪ್ಪುತ್ತದೆ. 1-3 ಕೂಡ ಊದಿ ನೋಡಿದೆ ಟ್ರಂಪೆಟ್ ಅಣ್ಣಾ, ಬ್ಯಾಂಡ್‌ಮನ್ ಸರ್ ಹೇಳಿದಂತೆ ಕೆಳಗೇ ಬಿತ್ತು.

ಎರಡನೇ ವಾಲ್ವ್‌ನ ಫೆಲ್ಟ್ ಎಷ್ಟು ದಪ್ಪದ್ದು ತರಲಿ? ಹಳೆಯದನ್ನು ಅಳೆದರೆ ಪ್ರಯೋಜನ ಇಲ್ಲ, ಅದು ಅಪ್ಪಚ್ಚಿ.

ಗೋಕುಲ_ರೋಡ್_ಪಿತ್ತಳೆ:

ಅಳತೆ ಕೇಳಬೇಡಿ, ವಾದ್ಯಕ್ಕೊಂದು ಇರುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ದಪ್ಪದ್ದೇ ತನ್ನಿ. ಹಾಕಿ, ಟಾರ್ಚ್ ಬಿಟ್ಟು ನೋಡಿ, ಅರ್ಧಚಂದ್ರ ಈಗ ಎದುರು ಬದಿಯಲ್ಲಿ ಕಂಡರೆ ಬ್ಲೇಡಿನಿಂದ ಒಂದು ಪದರ ತೆಗೆದು ಮತ್ತೆ ಹಾಕಿ ನೋಡಿ. ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ, ಎರಡೂ ನೋಡಬೇಕು. ಬಿಟ್ಟಾಗಿನದ್ದು ಎರಡನೇ ಸ್ಲೈಡ್‌ನ ತೂತಿನಲ್ಲಿ ಕಾಣುವುದಿಲ್ಲ, ಅದಕ್ಕೆ ಪಕ್ಕದ ಒಂದನೇ ಪಿಸ್ಟನ್ ಹೊರಗೆ ತೆಗೆದು ಆ ಖಾಲಿ ಕೇಸಿನೊಳಗೆ ಕನ್ನಡಿ ಇಳಿಸಿ ನೋಡಿ. ಫೆಲ್ಟ್ ಹಾಕಿದ ಮೇಲೆ ಸ್ಲೈಡ್‌ಗಳ ಪೆನ್ಸಿಲ್ ಗುರುತು ಒಮ್ಮೆ ಮತ್ತೆ ಪರೀಕ್ಷೆ ಮಾಡಿಕೊಳ್ಳಿ, ಎರಡು ಮೂರು ಮಿ.ಮೀ. ಆಚೀಚೆ ಆಗಬಹುದು.